ನಾನು ಹೊಡೆದುಹಾಕಿದ ಹೆಸರು

1998ರಲ್ಲಿ ನಾನು ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದೆ. ಸೇರಿ ಒಂಬತ್ತು ವರ್ಷವಾಗಿತ್ತು. ಕನ್ನಡ ಎಂ.ಎ. ಮಾಡಿದವಳು, ಸಾಲದ್ದಕ್ಕೆ ಶಂಕರಪುರದಲ್ಲಿ ಸಂಸ್ಕೃತ ಕಲಿಸುತ್ತಿದ್ದವರ ಮಗಳು. ಪದಗಳ ವಿಷಯದಲ್ಲಿ ನನಗೆ ಜಂಬ ಸ್ವಲ್ಪ ಜಾಸ್ತಿಯೇ ಇತ್ತು. "ನಮ್ಮ ಮೇಡಂ ನೋಡಿದ್ಮೇಲೆ ಇನ್ಯಾರೂ ನೋಡ್ಬೇಕಾಗಿಲ್ಲ" ಎಂದು ಮಾಲೀಕರು ಗಿರಾಕಿಗಳ ಎದುರಿಗೆ ಹೇಳುವಾಗ ನಾನು ತಲೆ ತಗ್ಗಿಸಿ ಕೆಲಸ ಮಾಡುವವಳಂತೆ ನಟಿಸುತ್ತ ಪೂರ್ತಿ ಕೇಳಿಸಿಕೊಳ್ಳುತ್ತಿದ್ದೆ.

ಆ ಹೊತ್ತಿಗೆ ಅಚ್ಚಿನ ಮೊಳೆ ಜೋಡಿಸುವ ಕಾಲ ಮುಗಿದು ಕಂಪ್ಯೂಟರ್ ಬಂದಿತ್ತು. ಆದರೆ ಪದ್ಧತಿ ಹಳೆಯದೇ. ಲೇಖಕರ ಹಸ್ತಪ್ರತಿಯ ಮೇಲೆ ನಾನು ಕೆಂಪು ಶಾಯಿಯಲ್ಲಿ ತಿದ್ದಬೇಕು, ಅದನ್ನು ಟೈಪ್ ಮಾಡಿ ಎರಡು ಸಲ ಕರಡು ತೆಗೆಯಬೇಕು, ಕೊನೆಯ ಕರಡಿನ ಮೇಲೆ ಲೇಖಕರು 'ಅಚ್ಚಿಗೆ ಹೋಗಬಹುದು' ಎಂದು ಬರೆದು ಸಹಿ ಹಾಕಬೇಕು. ಇದಕ್ಕೆ ಪ್ರಿಂಟ್ ಆರ್ಡರ್ ಎನ್ನುತ್ತೇವೆ. ಆ ಸಹಿ ಬಿದ್ದ ಮೇಲೆ ಪುಸ್ತಕದಲ್ಲಿ ಏನೇ ಇದ್ದರೂ ಹೊಣೆ ಲೇಖಕರದು. ಹಸ್ತಪ್ರತಿಯನ್ನು ಒಂದು ವರ್ಷ ಇಟ್ಟುಕೊಂಡಿದ್ದು ಆಮೇಲೆ ರದ್ದಿಗೆ ಹಾಕುವುದು ನಮ್ಮಲ್ಲಿ ರೂಢಿ.

ಆ ವರ್ಷದ ಜುಲೈನಲ್ಲಿ ಜ್ಞಾನಮಿತ್ರ ಎಂಬ ಹಿರಿಯರು ಒಂದು ನೋಟ್‌ಬುಕ್ ಹಿಡಿದು ಬಂದರು. ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ವಾರ್ಡ್ ಅಟೆಂಡರ್ ಆಗಿದ್ದು ನಿವೃತ್ತರಾದವರು. ನಮ್ಮ ಪ್ರೆಸ್ಸಿನಿಂದ ನಾಲ್ಕು ರಸ್ತೆ ಆಚೆ ಅವರ ಮನೆ. ಯೇಸುಕ್ರಿಸ್ತನ ಇಪ್ಪತ್ತನಾಲ್ಕು ಹೆಸರುಗಳನ್ನು ಆರಿಸಿ, ಪುಟಕ್ಕೊಂದರಂತೆ ಅರ್ಥ ಬರೆದಿದ್ದರು. ಇಮ್ಮಾನುವೇಲ ಎಂದರೆ ದೇವರು ನಮ್ಮ ಜೊತೆಗಿದ್ದಾನೆ ಎಂದು. ಕ್ರಿಸ್ತ ಎಂದರೆ ಅಭಿಷೇಕ ಹೊಂದಿದವನು. ಅಷ್ಟರವರೆಗೆ ನನಗೂ ಹಿತವಾಗಿತ್ತು. ಮುಂದೆ ಕುರಿಮರಿ, ಬಾಗಿಲು, ರೊಟ್ಟಿ, ಸೇವಕ, ವ್ಯಾಧಿಯನ್ನು ಬಲ್ಲವನು ಎಂದೆಲ್ಲ ಬಂದಾಗ ಹುಬ್ಬು ಮೇಲೇರಿತು.

"ಇವೆಲ್ಲ ದೇವರ ಹೆಸರುಗಳಾ?" ಎಂದೆ.

"ಹೌದಮ್ಮ. ಹೊಗಳೋಕೆ ಅಂತ ಇಟ್ಟ ಹೆಸರಲ್ಲ ಇವು. ಅವನು ಎಲ್ಲೀವರೆಗೂ ಇಳಿದು ಬಂದ ಅನ್ನೋದಕ್ಕೆ ಗುರುತು" ಎಂದರು. ಬಹಳ ಚೆನ್ನಾಗಿ ಹೇಳಿದ್ದರು. ನನ್ನ ಕಿವಿಗೆ ಬಿದ್ದಿತೇ ಹೊರತು ತಲೆಗೆ ಹೋಗಲಿಲ್ಲ. ದಪ್ಪಕ್ಷರದಲ್ಲಿ ಇರಲಿ, ಮಲಗಿಕೊಂಡೇ ಒಂದು ಕೈಯಲ್ಲಿ ಹಿಡಿಯುವಂತಿರಲಿ ಎಂದು ಕೇಳಿಕೊಂಡು ಹೋದರು. ಯಾರಿಗಾಗಿ ಎಂದು ನಾನು ಕೇಳಲಿಲ್ಲ.

ನಾನು ಬೆಳೆದದ್ದು ಅಷ್ಟೋತ್ತರ, ಸಹಸ್ರನಾಮ ಕೇಳುತ್ತ. ದೇವರ ಹೆಸರೆಂದರೆ ಒಂದಕ್ಕಿಂತ ಒಂದು ದೊಡ್ಡದಿರಬೇಕು, ಕೊನೆಗೆ ಓದಿದವರಿಗೆ ಇಂಥ ಫಲ ಎಂಬ ಫಲಶ್ರುತಿ ಇರಬೇಕು ಎಂಬುದು ನನ್ನಲ್ಲಿ ಬೇರೂರಿಬಿಟ್ಟಿತ್ತು. ಪಾಪ, ಹೆಚ್ಚು ಓದಿಲ್ಲದವರು, ತಮ್ಮ ದೇವರನ್ನು ತಾವೇ ಚಿಕ್ಕದು ಮಾಡಿದ್ದಾರೆ, ನಾನಾದರೂ ಸರಿಮಾಡೋಣ ಎಂದುಕೊಂಡೆ. ಕುರಿಮರಿಯನ್ನು 'ಲೋಕರಕ್ಷಕ' ಮಾಡಿದೆ. ಸೇವಕನನ್ನು 'ಜಗದೊಡೆಯ' ಮಾಡಿದೆ. ಹತ್ತೊಂಬತ್ತನೆಯ ಪುಟದ 'ವ್ಯಾಧಿಯನ್ನು ಬಲ್ಲವನು' ಎಂಬುದನ್ನು ಹೊಡೆದುಹಾಕಿ 'ಸರ್ವವ್ಯಾಧಿ ನಿವಾರಕ' ಎಂದು ಬರೆದೆ. ಕೆಳಗಿದ್ದ ಏಳೆಂಟು ಸಾಲುಗಳನ್ನೂ ಕೆಂಪು ಗೆರೆ ಎಳೆದು ತೆಗೆದು, 'ದೃಢವಾಗಿ ನಂಬಿ ಈ ನಾಮವನ್ನು ಸ್ಮರಿಸಿದವರ ಸಕಲ ವ್ಯಾಧಿಗಳೂ ಪರಿಹಾರವಾಗುವುವು' ಎಂದು ಸೇರಿಸಿದೆ. ಅವತ್ತು ಸಂಜೆ ತ್ಯಾಗರಾಜನಗರದ ಮನೆಗೆ ನಡೆದು ಹೋಗುವಾಗ ಪುಣ್ಯದ ಕೆಲಸ ಮಾಡಿದೆನೆಂಬ ಖುಷಿಯಲ್ಲಿದ್ದೆ.

ಕೊನೆಯ ಕರಡಿಗೆ ಸಹಿ ಹಾಕಲು ಬಂದಾಗ ಜ್ಞಾನಮಿತ್ರ ಅವಸರದಲ್ಲಿದ್ದರು. ಔಷಧಿ ಅಂಗಡಿಯ ಚೀಟಿ ಕೈಯಲ್ಲಿತ್ತು. "ಏನಾದ್ರೂ ಬದಲಾಗಿದ್ಯಾಮ್ಮಾ?" ಎಂದು ಕೇಳಿದರು.

"ಭಾಷೆ ಸ್ವಲ್ಪ ಎತ್ತರಿಸಿದೀನಿ, ಅಷ್ಟೆ" ಎಂದೆ.

"ನೀವು ನೋಡಿದೀರಲ್ಲ, ಸಾಕು" ಎಂದು, ಒಳಪುಟ ತಿರುವದೆ ಸಹಿ ಹಾಕಿ ಹೋದರು. ಕೂತು ಓದಿ ಎಂದು ಹೇಳುವುದು ನನ್ನ ಕೆಲಸವಾಗಿತ್ತು. ಹೇಳಲಿಲ್ಲ. ಓದಿದರೆ ಎಲ್ಲಿ ತಕರಾರು ತೆಗೆಯುತ್ತಾರೋ ಎಂಬ ಅಳುಕು ಒಳಗೆ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಐನೂರು ಪ್ರತಿ ಅಚ್ಚಾಗಿ ಹೋದವು. ಒಂಬತ್ತು ದಿನ ಕಳೆದು ಅವರು ಮತ್ತೆ ಬಂದರು. ಕೈಯಲ್ಲಿ ಒಂದೇ ಪ್ರತಿ, ಹತ್ತೊಂಬತ್ತನೆಯ ಪುಟದಲ್ಲಿ ಬೆರಳಿಟ್ಟು ಮುಚ್ಚಿದ್ದರು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಮ್ಮನೆಯವ್ರು ಹಾಸಿಗೆ ಹಿಡಿದು ಆರು ತಿಂಗಳಾಯ್ತಮ್ಮ. ಹೊಟ್ಟೇಲಿ ಕ್ಯಾನ್ಸರ್. ವಾಸಿಯಾಗಲ್ಲ ಅಂತ ಅವ್ರಿಗೂ ಗೊತ್ತು. ದಿನಾ ಒಂದೊಂದು ಹೆಸರು ಓದಿ ಹೇಳ್ತಿದ್ದೆ, ಈ ಪುಟ ಅಂದ್ರೆ ಅವ್ರಿಗೆ ಪ್ರಾಣ. ಅವ್ರೇ ಹಿಡ್ಕೊಂಡು ಓದ್ಲಿ ಅಂತ ಅಚ್ಚು ಹಾಕ್ಸಿದ್ದು. ಈಗ ಇದನ್ನ ಓದಿ, ನಂಬಿದೋರಿಗೆ ವಾಸಿಯಾಗತ್ತೆ ಅಂತಿದೆ, ಹಾಗಾದ್ರೆ ನನ್ನ ನಂಬಿಕೆ ಸಾಲ್ಲಿಲ್ವಾ ಅಂತ ಕೇಳ್ತಿದಾರೆ."

ಪಕ್ಕದ ಮೇಜಿನಲ್ಲಿ ಮಾಲೀಕರಿದ್ದರು. ಅವರು ಕತ್ತೆತ್ತಿ ನೋಡಿದ್ದೇ ತಡ, ನಾನು ಫೈಲು ತೆಗೆದು ಪ್ರಿಂಟ್ ಆರ್ಡರ್ ಹಾಳೆಯನ್ನು ಜ್ಞಾನಮಿತ್ರರ ಮುಂದೆ ಇಟ್ಟೆ. "ನೀವು ನೋಡಿ ಸೈನ್ ಮಾಡಿದೀರಲ್ಲ ಸರ್" ಎಂದೆ.

ಅವರು ಹಾಳೆಯನ್ನು ಸ್ವಲ್ಪ ಹೊತ್ತು ನೋಡಿದರು. "ಹೌದು, ನನ್ನದೇ ಸೈನು. ತಪ್ಪು ನನ್ನದೇ" ಎಂದರು. ಆಮೇಲೆ ಮೆಲ್ಲಗೆ, "ನಾನು ಬರೆದಿದ್ದ ನೋಟ್‌ಬುಕ್ ಇದ್ರೆ ಕೊಡ್ತೀರಾಮ್ಮ? ನನಗೆ ಸರಿಯಾಗಿ ನೆನಪಿಗೆ ಬರ್ತಿಲ್ಲ. ನನ್ನ ಕೈಬರಹ ನೋಡಿದ್ರೆ ಅವ್ರು ನಂಬ್ತಾರೆ" ಎಂದರು.

ನೋಟ್‌ಬುಕ್ ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ಅದನ್ನು ತೆಗೆದರೆ, ತಿದ್ದುವ ಬದಲು ನಾನೇ ಹೊಡೆದುಹಾಕಿ ಬರೆದದ್ದೆಲ್ಲ ಮಾಲೀಕರ ಕಣ್ಣಿಗೆ ಬೀಳುತ್ತಿತ್ತು. "ಅಚ್ಚಾದ ಮೇಲೆ ಹಸ್ತಪ್ರತಿ ಇಟ್ಕೊಳಲ್ಲ ಸರ್" ಎಂದು ಮಾಲೀಕರಿಗೆ ಕೇಳದಂತೆ ದನಿ ತಗ್ಗಿಸಿ ಹೇಳಿಬಿಟ್ಟೆ. ಅವರು ಕೈಮುಗಿದು ಹೊರಟುಹೋದರು.

ಆಮೇಲಿನ ಐದು ದಿನ ನನ್ನ ಮೇಲೆ ನನಗೇ ಹೇಸಿಗೆ. ದಿನಾ ಡ್ರಾಯರ್ ತೆಗೆಯುವುದು, ಮುಚ್ಚುವುದು. ಒಂದು ಮಧ್ಯಾಹ್ನ ಆ ಪುಟವನ್ನು ಮತ್ತೆ ಓದಿದೆ. ಗೆರೆಯ ಕೆಳಗೆ ಅಕ್ಷರ ಸ್ಪಷ್ಟವಾಗಿಯೇ ಇತ್ತು. 'ಗುಣಮಾಡು ಎಂದು ಕೇಳುವುದು ತಪ್ಪಲ್ಲ. ಗುಣವಾಗದಿದ್ದರೆ ಅವನು ಕೈಬಿಟ್ಟ ಎಂದಲ್ಲ. ಅವನ ಮೈಯೂ ನೊಂದಿದೆ. ಅವನು ಹಾಸಿಗೆಯ ಪಕ್ಕ ಕೂತಿರುತ್ತಾನೆ, ಎದ್ದು ಹೋಗುವುದಿಲ್ಲ.' ಮೂವತ್ತೊಂದು ವರ್ಷ ರೋಗಿಗಳ ಮೈ ತೊಳೆದ ಮನುಷ್ಯ ಕಂಡು ಬರೆದ ಮಾತು ಅದು. ನಾನು ಅದರ ಭಾಷೆಯನ್ನು ಎತ್ತರಿಸಲು ಹೋಗಿದ್ದೆ.

ಮರುದಿನ ಬೆಳಿಗ್ಗೆ ಮಾಲೀಕರಿಗೆ ಎಲ್ಲ ಹೇಳಿ, ನೋಟ್‌ಬುಕ್ ತೆಗೆದುಕೊಂಡು ಜ್ಞಾನಮಿತ್ರರ ಮನೆಗೆ ಹೋದೆ. ಬಾಗಿಲಲ್ಲಿ ಬಹಳ ಚಪ್ಪಲಿಗಳಿದ್ದವು. ಅವರ ಹೆಂಡತಿ ತೀರಿಕೊಂಡು ಎರಡು ದಿನವಾಗಿತ್ತು.

ಜ್ಞಾನಮಿತ್ರ ನನ್ನನ್ನು ಒಳಗೆ ಕರೆದು ಕುರ್ಚಿ ಕೊಟ್ಟರು. ನೋಟ್‌ಬುಕ್ಕನ್ನು ಅವರ ಕೈಗಿಟ್ಟು, "ಇದು ಪ್ರೆಸ್ಸಲ್ಲೇ ಇತ್ತು. ಅವತ್ತು ಸುಳ್ಳು ಹೇಳ್ದೆ" ಎಂದೆ. ಅವರು ಹತ್ತೊಂಬತ್ತನೆಯ ಪುಟ ತೆರೆದು, ಕೆಂಪು ಗೆರೆಗಳ ಕೆಳಗಿದ್ದುದನ್ನು ನಿಧಾನವಾಗಿ ಓದಿಕೊಂಡರು.

"ಇದನ್ನ ನೆನಪಿದ್ದಷ್ಟು ನಾನು ಬಾಯಲ್ಲೂ ಹೇಳ್ದೆ ಅವಳಿಗೆ" ಎಂದರು. "ಅಚ್ಚಾಗಿರೋದು ಪ್ರೆಸ್ಸಿನೋರ ಮಾತು, ನನ್ನದಲ್ಲ ಅಂದೆ. ಅವಳು ಕೇಳ್ಲಿಲ್ಲ. ಮೊದ್ಲಿಂದ್ಲೂ ನನ್ನ ಸಮಾಧಾನಕ್ಕೆ ಹಾಗೆ ಓದಿ ಹೇಳ್ತಿದೀರ, ಪುಸ್ತಕದಲ್ಲಿ ಸುಳ್ಳು ಅಚ್ಚು ಹಾಕ್ತಾರಾ ಅಂದ್ಲು."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ಉಳಿದ ಪ್ರತಿಗಳಿಗೆಲ್ಲ ಹತ್ತೊಂಬತ್ತನೆಯ ಪುಟ, ಕುರಿಮರಿ ಮತ್ತು ಸೇವಕನ ಇನ್ನೆರಡು ಪುಟ ಹೊಸದಾಗಿ ಅಚ್ಚು ಮಾಡಿ ಅಂಟಿಸಿಕೊಟ್ಟೆವು. ಅವನ್ನು ಅವರು ಆಸ್ಪತ್ರೆಯ ವಾರ್ಡುಗಳಲ್ಲಿ ಹಂಚಿದರೆಂದು ಕೇಳಿದೆ.

ನಾನು ನಿವೃತ್ತಳಾದದ್ದು 2009ರಲ್ಲಿ. ಅಲ್ಲಿಯವರೆಗೆ ಯಾವ ಲೇಖಕರಿಂದಲೂ ಒಂದೊಂದು ತಿದ್ದುಪಡಿಯನ್ನೂ ಗಟ್ಟಿಯಾಗಿ ಓದಿ ಹೇಳದೆ ಸಹಿ ಪಡೆಯಲಿಲ್ಲ. ಹಸ್ತಪ್ರತಿ ಮುಟ್ಟುವ ಮೊದಲು, ಇದನ್ನು ಯಾರು ಓದಲಿ ಎಂದು ಬರೆದಿರಿ ಎಂದು ಕೇಳುತ್ತಿದ್ದೆ. ಕೆಲವರು ನಕ್ಕರು, ಕೆಲವರಿಗೆ ಬೇಸರವೂ ಆಯಿತು. ಅಷ್ಟನ್ನು ವೃತ್ತಿ ಕಲಿಸಿತು. ಡ್ರಾಯರ್ ಎಳೆದರೆ ಸಿಗುತ್ತಿದ್ದ ನೋಟ್‌ಬುಕ್ಕನ್ನು ಇಲ್ಲವೆಂದದ್ದು ಮಾತ್ರ ಭಾಷೆಯ ತಪ್ಪೂ ಅಲ್ಲ, ವೃತ್ತಿಯ ತಪ್ಪೂ ಅಲ್ಲ. ಅಂದು ಕೊಟ್ಟಿದ್ದರೆ ಆಕೆ ಓದಿಕೊಳ್ಳುತ್ತಿದ್ದರು. ಇನ್ನೂ ಮೂರು ದಿನ ಅವರ ಉಸಿರಿತ್ತು.