ಬೊಲಿವಿಯಾದ ಗೋಲು, ಹುಳುವಿನ ನಾಲ್ಕನೇ ಜ್ವರ

ಮೊನ್ನೆ ರಾಮನಗರದ ಬಸ್ಸಿನಲ್ಲಿ ಪಕ್ಕದವರ ಕಾಲ ಬಳಿ ರೇಷ್ಮೆಗೂಡಿನ ಚೀಲವಿತ್ತು. ಕೈಯಲ್ಲಿ ಮೊಬೈಲು, ಅದರೊಳಗೆ ಫುಟ್‌ಬಾಲು. ಗೂಡಿನ ವಾಸನೆ ಮೂಗಿಗೂ ಬೊಲಿವಿಯಾದ ಹಸಿರು ಅಂಗಿ ಕಣ್ಣಿಗೂ ಒಟ್ಟಿಗೇ ಬಿದ್ದ ಮೇಲೆ ಕೋಡಿಹಳ್ಳಿಯ ನನ್ನ ಸೋದರಮಾವನನ್ನು ನೆನೆಯದೆ ದಾರಿಯಿರಲಿಲ್ಲ.

ನೀವು ನಂಬಬೇಕು: ಇಡೀ ಕನಕಪುರ ತಾಲ್ಲೂಕಿನಲ್ಲಿ ಬೊಲಿವಿಯಾ ತಂಡಕ್ಕಿದ್ದ ಏಕೈಕ ಅಭಿಮಾನಿ ಅವರು. ಮೊದಲು ಅವರದು ಬ್ರೆಜಿಲ್ ಪಕ್ಷ. ಒಂದು ವಿಶ್ವಕಪ್ಪಿನಲ್ಲಿ ಬ್ರೆಜಿಲ್ ಗೋಲಿಗೆ ಅವರು ಕೂಗಿದ ವಾರದಲ್ಲೇ ಮನೆಯ ರೇಷ್ಮೆಹುಳುಗಳೆಲ್ಲ ಸತ್ತವು. ಹುಳು ಪೊರೆ ಬಿಡುವ ಮುಂಚೆ ಮೇವು ತೊರೆದು, ತಲೆಯೆತ್ತಿ ಸ್ತಬ್ಧವಾಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆಗ ಗದ್ದಲ ಕೂಡದೆಂಬುದು ಅತ್ತೆಯ ಶಾಸನ. ಅಪರಾಧ ಮಾವನ ಗಂಟಲಿನದೆಂದು ತೀರ್ಮಾನವಾಯಿತು.

“ಇನ್ನೊಂದ್ಸಲ ಕಿರುಚುದ್ರೆ ಟೀವಿ ಉಯ್ಯಂಬಳ್ಳಿಗೆ, ನಮ್ಮಣ್ಣನ ಮನೇಗೆ,” ಎಂದರು ಅತ್ತೆ.

ಕೂಗುವ ಪ್ರಸಂಗವೇ ಬಾರದ ತಂಡವೊಂದನ್ನು ಮಾವ ಹುಡುಕಿದರು. ಬೊಲಿವಿಯಾ ಅದುವರೆಗೆ ಎರಡು ವಿಶ್ವಕಪ್ ಆಡಿ ಒಂದು ಗೋಲನ್ನೂ ಹೊಡೆದಿರಲಿಲ್ಲ; ಒಮ್ಮೆಯಂತೂ ಎಂಟು ತಿಂದು ಮನೆಗೆ ಹೋಗಿತ್ತು.

“ಇಂಥಾ ಸಂಭಾವಿತ ಟೀಮು ಇನ್ನೊಂದಿಲ್ಲ ಕಣ್ಲಾ. ಹುಳ ಸಾಕೋ ಮನೇಗೆ ಹೇಳಿ ಮಾಡ್ಸಿದ್ದು,” ಎಂದರು ನನಗೆ.

ತೊಂಬತ್ತನಾಲ್ಕರಲ್ಲಿ ಅದು ಮತ್ತೆ ವಿಶ್ವಕಪ್ಪಿಗೆ ಬಂತು. ಎರಡು ಪಂದ್ಯ ಬೊಲಿವಿಯಾದ ಗೋಲಿನ ಕಾಟವಿಲ್ಲದೆ ಸುಖವಾಗಿ ಕಳೆದವು. ಮೂರನೆಯದು ಸ್ಪೇನ್ ಮೇಲೆ. ನಾವು ನೋಡಿದ್ದು ಬೆಳಗಿನ ಮರುಪ್ರಸಾರ. ಒಳಗೆ ಹುಳು ನಾಲ್ಕನೇ ಜ್ವರದಲ್ಲಿ. ಸೊಪ್ಪು ಹಾಕುವ ಕೆಲಸವಿಲ್ಲದ ಅತ್ತೆಯೂ ಬಂದು ಕೂತರು, ಕಾವಲಿಗೆ. ಎರಡು ಗೋಲು ತಿಂದಿದ್ದ ಬೊಲಿವಿಯಾ ಇದ್ದಕ್ಕಿದ್ದಂತೆ ಒಂದು ಹೊಡೆಯಿತು. ಮಾವ ಹೆಗಲ ಟವಲನ್ನು ಬಾಯಿಗೆ ತುರುಕಿಕೊಂಡರು. ಕಣ್ಣಲ್ಲಿ ನೀರು, ಶಬ್ದವಿಲ್ಲ.

“ಅಯ್ಯೋ, ಹೊಡ್ದೇಬುಟ್ನಲ್ಲಪ್ಪಾ!” ಹಂಚು ಅದುರುವಂತೆ ಕೂಗಿದ್ದು ಅತ್ತೆ.

ಮೂವರೂ ಓಡಿಹೋಗಿ ತಟ್ಟೆಗಳನ್ನು ನೋಡಿದೆವು. ಹುಳುಗಳು ತಲೆಯೆತ್ತಿ ಹಾಗೇ ಧ್ಯಾನದಲ್ಲಿದ್ದವು. ಕೆಲವು ದಿನ ಕಳೆದು ಅವು ಬಿದಿರು ಹೆಣೆದ ಚಂದ್ರಿಕೆಯ ತುಂಬ ಹಳದಿ ಗೂಡು ಕಟ್ಟಿದವು.

“ಹಂಗಾದ್ರೆ ಅವತ್ತೂ ನನ್ ತಪ್ಪಿರ್ನಿಲ್ಲ ಅನ್ನು,” ಎಂದರು ಮಾವ, ಮೆಲ್ಲಗೆ.

“ಅದು ಬ್ರೆಜಿಲ್ ಗೋಲು. ಹುಳಕ್ಕೆ ಅಷ್ಟೂ ಗೊತ್ತಾಗಕಿಲ್ವಾ?”

ಟೀವಿ ಉಳಿಯಿತು. ಮಾವ ಎರಡನೇ ಗೋಲಿಗೆ ಕಾದರು. ಅವರು ಇರುವವರೆಗೂ ಬೊಲಿವಿಯಾ ಮತ್ತೆ ವಿಶ್ವಕಪ್ಪಿಗೆ ಹೋಗಲಿಲ್ಲ. ಆ ಕೂಗು ಟವಲಿನಲ್ಲೇ ಉಳಿದುಹೋಯಿತು.

ಪಕ್ಕದವರ ಮೊಬೈಲಿನಲ್ಲಿ ಹಸಿರಂಗಿಯವನೊಬ್ಬ ಚೆಂಡನ್ನು ಬಲೆಗೆ ಹಾಕಿದ. ಯಾವ ಪಂದ್ಯವೋ, ಯಾವತ್ತಿನದೋ. ಮಾವನ ಟವಲಿನಂತೆ ಬಾಯಿಗೆ ತುರುಕಲು ಕರವಸ್ತ್ರಕ್ಕೆ ಹೋದ ಕೈಯನ್ನು ತಡೆದು, ನಾನು ಬಾಯ್ತುಂಬ ಕೂಗಿದೆ. ಡ್ರೈವರು ಬಸ್ಸನ್ನೇ ನಿಲ್ಲಿಸಿದ.

“ಯಾರ್ರೀ ಅದು ಕೂಗಿದ್ದು?” ಎಂದ ಕಂಡಕ್ಟರು.

“ನಮ್ಮ ಮಾವ,” ಎಂದೆ.