ಔರಾದ ಬಸ್ಸಿಗೆ ಹೋದ ಫೋನು

ಅಪ್ಪ ತೀರಿಕೊಂಡದ್ದು ಬರಗಾಲದ ಬೇಸಿಗೆಯಲ್ಲಿ. ನಮ್ಮ ಚರ್ಚಿನ ಸಭೆಯಲ್ಲಿ ಒಂದು ಪದ್ಧತಿಯಿದೆ: ಸ್ಮರಣೆಯ ಪ್ರಾರ್ಥನೆಯ ದಿನ ಹಿರಿಯ ಮಗ ಎದ್ದು ನಿಂತು, ಹೋದವರ ಬದುಕನ್ನು ಎರಡು ಪುಟದಲ್ಲಿ ಬರೆದು ಓದಬೇಕು. ಹಿರಿಯ ಮಗ ನಾನೇ. ಭಾನುವಾರ ಹತ್ತಿರವಾಗುತ್ತಿತ್ತು. ಹಾಳೆಯ ಮೇಲೆ 'ನಮ್ಮ ತಂದೆಯವರು ದೇವರಂಥ ಮನುಷ್ಯ' ಎಂಬ ಒಂದೇ ಸಾಲಿತ್ತು.

ತಪ್ಪು ಫೋನಿನದು ಎನ್ನುತ್ತಿದ್ದೆ. ಆ ವರ್ಷ ಹೈದರಾಬಾದಿಗೆ, ಪುಣೆಗೆ ದುಡಿಯಲು ಹೋದ ನೆಂಟರು ಮಣ್ಣಿಗೆ ಬರಲಾಗದೆ ಗ್ರೂಪಿನಲ್ಲಿ ಮೇಣದಬತ್ತಿಯ ಚಿತ್ರ ಕಳಿಸುತ್ತಿದ್ದರು. ಒಂದೊಂದಕ್ಕೂ ಕೈ ಮುಗಿಯುವ ಚಿತ್ರ ಹಾಕುತ್ತಿದ್ದೆ. ಅಷ್ಟರಲ್ಲಿ ಬೆರಳು ತಾನೇ ಮುಂದೆ ಸರಿದಿರುತ್ತಿತ್ತು. ಯಾರೋ ಮೀನು ಹುರಿಯುವುದನ್ನು ಮಧ್ಯಾಹ್ನದವರೆಗೆ ನೋಡುತ್ತ ಕೂತಿರುತ್ತಿದ್ದೆ.

ಶುಕ್ರವಾರ ಬೆಳಿಗ್ಗೆ ಎದ್ದರೆ ಫೋನಿಲ್ಲ.

"ಅವ್ವ, ನನ್ನ ಫೋನ್ ಎಲ್ಲದ?"

"ಔರಾದಕ್ಕ ಹೋಗ್ಯಾದ."

"ಯಾರ ಸಂಗಟ?"

"ರೊಟ್ಟಿ ಸಂಗಟ. ಸಂಜಿ ಬಸ್ಸಿಗಿ ವಾಪಸ್ ಬರ್ತದ. ನೀ ಬರಿ."

ನಾನು ಭಾಲ್ಕಿಯ ಹಾಸ್ಟೆಲಿನಲ್ಲಿ ಓದುವಾಗ ಅವ್ವ ಹೀಗೇ ಬುತ್ತಿಯ ಡಬ್ಬಿಯನ್ನು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿದ್ದಳು. ಈ ಸಲ ಔರಾದಿನಲ್ಲಿರುವ ತನ್ನ ತಂಗಿಗೆ, ರೊಟ್ಟಿಗಳ ನಡುವೆ ಫೋನು ಸುತ್ತಿಟ್ಟು ಕಳಿಸಿದ್ದಳು. ಆಫ್ ಮಾಡುವುದು ಅವಳಿಗೆ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಡಬ್ಬಿ ರಿಂಗಾಯಿತಂತೆ. ಕೊನೆಗೆ ಕಂಡಕ್ಟರ್ ಮುಚ್ಚಳ ತೆಗೆದು, ಪುಣೆಯಿಂದ ಮಾತಾಡುತ್ತಿದ್ದ ನಮ್ಮ ಮಾವನಿಗೆ, "ಅವರ ಫೋನ್ ರೊಟ್ಟಿ ಒಳಗ ಕುಂತದ್ರಿ, ಸಂಜಿಗಿ ಮಾಡ್ರಿ" ಅಂದನಂತೆ.

ಇತ್ತ ನನ್ನ ಕೈ ಮತ್ತೆ ಮತ್ತೆ ಖಾಲಿ ಜೇಬಿಗೆ ಹೋಗುತ್ತಿತ್ತು. ಅವ್ವ ಎದುರಿಗೆ ಕೂತು ಜೋಳ ಹಸನು ಮಾಡುತ್ತ, ಬರೆದದ್ದನ್ನು ಓದಿಸಿಕೊಂಡಳು.

"ದೇವರಂಥ ಮನುಷ್ಯ? ಹೊಡದ ಹಾಕು ಅದನ್ನ. ನೀರಿನ ಕೊಡದ ಸುದ್ದಿ ಬರಿ."

ನಾನು ಭಾಲ್ಕಿಯಲ್ಲೇ ನೌಕರಿಗೆ ನಿಂತವನು. ನಮ್ಮೂರು ಚಿದ್ರಿಯ ಓಣಿಯ ಸುದ್ದಿ ನನಗೆ ಗೊತ್ತಿರಲಿಲ್ಲ. ಅವ್ವನೇ ಹೇಳಿದಳು. ಟ್ಯಾಂಕರಿನ ಸಾಲಿನಲ್ಲಿ ಕೊಡ ಇಟ್ಟರೆ ಮನುಷ್ಯ ನಿಂತಂತೆ. ಅಪ್ಪ ನಮ್ಮ ಕೊಡದ ಜೊತೆ, ಪುಣೆಗೆ ಹೋದ ಪಕ್ಕದ ಮನೆಯವರ ಕೊಡಗಳನ್ನೂ ಇಡುತ್ತಿದ್ದರಂತೆ. ಯಾರಾದರೂ ಕೇಳಿದರೆ, "ನಾಳಿ ಬರ್ತಾರ್ರಿ, ಪಾಪ, ನೀರಡಿಸಿ ಬರ್ತಾರ" ಎನ್ನುವುದು. ಆ ನಾಳೆ ಬೇಸಿಗೆಯುದ್ದಕ್ಕೂ ಬರಲಿಲ್ಲ. ಇಡೀ ಓಣಿ ನಾಲ್ಕು ದಿನಕ್ಕೊಮ್ಮೆ ಜಳಕ ಮಾಡುವಾಗ ಅಪ್ಪ ಆ ಕೊಡಗಳ ನೀರಿನಲ್ಲಿ ದಿನಾ ಮಾಡುತ್ತಿದ್ದರಂತೆ.

"ಆ ಓಣಿಯವರೇ ಚರ್ಚಿನ್ಯಾಗ ಕುಂತಿರ್ತಾರ, ಅವ್ವ."

"ಕುಂತಿರ್ಲಿ. ಸುಳ್ಳ ಬರದಿ ಅಂದ್ರ, ನಾವು ಯಾರ ಪ್ರಾರ್ಥನಿಗಿ ಬಂದೀವಿ ಅಂತ ಕೇಳ್ತಾರ."

ಸಂಜೆಯ ಹೊತ್ತಿಗೆ ಎರಡು ಪುಟ ತುಂಬಿತ್ತು. ಡಬ್ಬಿಯೂ ಬಂತು. ಫೋನಿನ ಗಾಜಿಗೆ ರೊಟ್ಟಿಯ ಜೊತೆಗಿದ್ದ ಶೇಂಗಾ ಹಿಂಡಿಯ ಚಟ್ನಿಪುಡಿ ಮೆತ್ತಿತ್ತು. ಒರೆಸದೆ ಗೋಡೆಯ ಗೂಡಿನಲ್ಲಿಟ್ಟು ಮೂರನೆಯ ಪುಟ ಶುರು ಮಾಡಿದೆ.

ಭಾನುವಾರ ಓದುತ್ತ ಓದುತ್ತ ಕೊಡಗಳ ಹತ್ತಿರ ಬಂದೆ. ಹೆಂಗಸರ ಕಡೆಯಿಂದ ನೆರೆಯಾಕೆಯೊಬ್ಬಳು, "ಅದಕ್ಕೇ ದಿನಾ ಪೌಡರ್ ವಾಸನಿ ಬರ್ತಿತ್ತು" ಅಂದಳು. ನಗು ಒಂದು ಬೆಂಚಿನಿಂದ ಇನ್ನೊಂದಕ್ಕೆ ಹೋಯಿತು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ಭುಜ ಅಲುಗುತ್ತಿತ್ತು. ಅವಳು ತಲೆ ಎತ್ತುವವರೆಗೆ ಕಾದೆ. ಆಮೇಲೆ ಪುಟ ತಿರುವಿದೆ.