ರೂಮಿನಲ್ಲಿ ಕಲಿತ ಅಡುಗೆ

ನಮ್ಮ ಮನೆಯ ಅಡುಗೆಕೋಣೆಗೆ ದಾರಿಯ ಕಡೆಗೊಂದು ಕಿಟಕಿಯಿತ್ತು. ಉಪ್ಪಳ ಪೇಟೆಗೆ ಹೋಗುವವರು, ಶಾಲೆಯ ಮಕ್ಕಳು, ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತವರು ಎಲ್ಲರೂ ಆ ದಾರಿಯಲ್ಲೇ ನಡೆಯುತ್ತಿದ್ದರು. ನಾನು ಒಂಬತ್ತನೆಯ ತರಗತಿಯಲ್ಲಿದ್ದ ವರ್ಷ ಆ ಕಿಟಕಿ ಬೆಳಗಿನ ಹೊತ್ತು ಮುಚ್ಚಿಕೊಂಡಿರತೊಡಗಿತು. ಬೆಕ್ಕು ಒಳಗೆ ಹಾರುತ್ತದೆ ಎಂದು ಅಜ್ಜಿ ನೆರೆಯವರಿಗೆ ಕಾರಣ ಹೇಳುತ್ತಿದ್ದರು. ನಮ್ಮ ಸುತ್ತಮುತ್ತ ಬೆಕ್ಕೇ ಇರಲಿಲ್ಲ. ಒಳಗೆ ಅಡುಗೆ ಮಾಡುತ್ತಿದ್ದವರು ನನ್ನ ಅಪ್ಪ. ಅದು ಯಾರಿಗೂ ಕಾಣಬಾರದಿತ್ತು.

ದುಬೈಯಲ್ಲಿ ಕಟ್ಟಡದ ಕೆಲಸಗಳು ಒಂದೊಂದಾಗಿ ನಿಂತುಹೋದ ಕಾಲವದು. ಅಪ್ಪ ಒಂದು ದೊಡ್ಡ ರಟ್ಟಿನ ಪೆಟ್ಟಿಯೊಂದಿಗೆ ಮರಳಿ ಬಂದರು; ಮತ್ತೆ ಹೋಗುವ ದಾರಿ ತೆರೆಯಲಿಲ್ಲ. ಊರಿನಲ್ಲಿ ಪೈಂಟಿಂಗ್ ಕೆಲಸ ಸಿಕ್ಕಿದ ದಿನ ಸಿಕ್ಕಿತು, ಇಲ್ಲದ ದಿನ ಇಲ್ಲ. ಆಗ ಅಮ್ಮ ಮಂಗಳೂರಿನ ಒಂದು ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೌಂಟರಿಗೆ ಸೇರಿದರು. ಬೆಳಗಿನ ರೈಲಿಗೆ ಹೋದರೆ ಕತ್ತಲಾದ ಮೇಲೆಯೇ ಬರುವುದು. ಅಜ್ಜಿಗೆ ಮಂಡಿನೋವು, ಒಲೆಯ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ಹೀಗಾಗಿ ಅಡುಗೆ ಅಪ್ಪನ ಪಾಲಿಗೆ ಬಂತು. ಯಾರೂ ಕೂತು ಮಾತಾಡಿ ನಿರ್ಧರಿಸಿದ್ದಲ್ಲ. ಒಂದು ದಿನ ನಾನು ಎದ್ದು ಬಂದಾಗ ಅವರು ಹೆರೆಮಣೆಯ ಮೇಲೆ ಕುಳಿತು ತೆಂಗಿನಕಾಯಿ ತುರಿಯುತ್ತಿದ್ದರು, ಅಷ್ಟೇ.

ಅಂಗಳದಾಚೆಯ ಮನೆ ದೊಡ್ಡಪ್ಪನದು. ಅಪ್ಪನ ಅಣ್ಣ. ಅವರೂ ಗಲ್ಫಿನಲ್ಲಿದ್ದವರೇ, ಅಪ್ಪನನ್ನು ಅಲ್ಲಿಗೆ ಕರೆಸಿಕೊಂಡವರೂ ಅವರೇ. ಎಷ್ಟೋ ವರ್ಷ ಮೊದಲೇ ಮರಳಿ ಪೇಟೆಯಲ್ಲಿ ಅಂಗಡಿ ಇಟ್ಟಿದ್ದರು. ನಾವಿದ್ದ ಮನೆಯ ಜಾಗ ಅವರ ಹೆಸರಿನಲ್ಲಿತ್ತು. ಆದ್ದರಿಂದ ಅವರ ಮಾತು ನಮಗೆ ಸಲಹೆಯಾಗಿ ಬರುತ್ತಿರಲಿಲ್ಲ. ಅಪ್ಪನ ಅಡುಗೆಯ ವಿಷಯ ತಿಳಿದಾಗ ಅವರು ಸಿಟ್ಟಾಗಲಿಲ್ಲ. ಜಗಲಿಯಲ್ಲಿ ಕುಳಿತು, ಸ್ವರ ಏರಿಸದೆ, ತಮ್ಮನಿಗೆ ಒಂದು ಷರತ್ತು ಹಾಕಿದರು: ಈ ಮನೆಯಲ್ಲಿ ಗಂಡಸು ಸೌಟು ಹಿಡಿಯುವುದು ಹೊರಗಿನವರಿಗೆ ಗೊತ್ತಾದ ದಿನ ನಿನ್ನ ಹೆಂಡತಿ ಕೆಲಸ ಬಿಟ್ಟು ಮನೆಯಲ್ಲಿ ಕೂರಬೇಕು.

ಒಬ್ಬ ವ್ಯಕ್ತಿಯ ದುಡಿಮೆಯ ಹಕ್ಕನ್ನು ಇನ್ನೊಬ್ಬರು ಜಗಲಿಯಲ್ಲಿ ಕುಳಿತು ತೀರ್ಮಾನಿಸಿದ್ದು ತಪ್ಪು. ಆ ತೀರ್ಮಾನವಾಗುವಾಗ ಆ ವ್ಯಕ್ತಿಯನ್ನು ಅಲ್ಲಿಗೆ ಕರೆಯದೇ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ಇಂದು ಇದನ್ನು ನಾನು ವೇದಿಕೆಗಳಲ್ಲಿ ಅಳುಕಿಲ್ಲದೆ ಹೇಳುತ್ತೇನೆ. ಅಂದು ನನ್ನಲ್ಲಿದ್ದದ್ದು ಸಿಟ್ಟಲ್ಲ, ನಾಚಿಕೆ. ಶಾಲೆಯಲ್ಲಿ ನನ್ನ ಬುತ್ತಿಯ ಪಲ್ಯವನ್ನು ತಿಂದ ಗೆಳತಿ, ನಿನ್ನ ಅಮ್ಮನ ಕೈ ಎಂತ ಚಂದ ಮಾರಾಯ್ತಿ ಎಂದಾಗಲೆಲ್ಲ ನನ್ನ ಕಿವಿ ಬಿಸಿಯಾಗುತ್ತಿತ್ತು. ಅಪ್ಪ ಹೆರೆಮಣೆಯ ಮೇಲೆ ಕುಳಿತ ಚಿತ್ರ ಅವಳಿಗೆ ಹೇಗೋ ಕಂಡುಬಿಟ್ಟಿತೇನೋ ಎಂಬ ಭಯ.

ಆದರೆ ಆ ಅಡುಗೆಯ ಬಗ್ಗೆ ಹೇಳದಿದ್ದರೆ ಅದಕ್ಕೂ ಅನ್ಯಾಯವಾಗುತ್ತದೆ. ಗಲ್ಫಿನ ರೂಮುಗಳಲ್ಲಿ ಅಡುಗೆಗೆ ಸರದಿಯಿರುತ್ತದೆ. ಕೆಲಸ ಮುಗಿಸಿ ಬಂದವನು ಎಲ್ಲರಿಗೂ ಬೇಯಿಸಬೇಕು, ಬೇಗ ಬೇಯಿಸಬೇಕು, ಖರ್ಚು ಮೇಲೆ ಹೋಗಬಾರದು. ಅಪ್ಪ ಕಲಿತದ್ದು ಅಂಥ ಅಡುಗೆ. ಭಾನುವಾರ ಕೊತ್ತಂಬರಿ, ಒಣಮೆಣಸು, ಜೀರಿಗೆ, ಮೆಂತೆಗಳನ್ನು ಹುರಿದು ಪುಡಿ ಮಾಡಿ ಬಾಟಲಿಗೆ ತುಂಬಿಸಿಡುತ್ತಿದ್ದರು. ಅದರಲ್ಲಿ ತೆಂಗಿನಕಾಯಿ ಇಲ್ಲವಾದ್ದರಿಂದ ವಾರವಿಡೀ ಕೆಡುತ್ತಿರಲಿಲ್ಲ. ಬೆಳಗ್ಗೆ ಎರಡು ಚಮಚ ಪುಡಿಯೊಂದಿಗೆ ಒಂದು ಹಿಡಿ ಕಾಯಿತುರಿ ರುಬ್ಬಿದರೆ ಹುರುಳಿಗೂ ಆಯಿತು, ಬಸಳೆಗೂ ಆಯಿತು. ಹುಣಸೆಹುಳಿಯನ್ನು ಒಮ್ಮೆಲೇ ಕುದಿಸಿ ಗಟ್ಟಿ ರಸ ತೆಗೆದಿಡುತ್ತಿದ್ದರು. ಕುಕ್ಕರಿನ ತಳದಲ್ಲಿ ಬೇಳೆ, ಟೊಮೆಟೊ, ಬೆಳ್ಳುಳ್ಳಿ. ಅದರ ಮೇಲಿನ ಪಾತ್ರೆಯಲ್ಲಿ ಬಟಾಟೆ. ಒಂದೇ ಬೆಂಕಿಯಲ್ಲಿ ಸಾರೂ ಪಲ್ಯವೂ. ಬೂತಾಯಿ ಮೀನು ಅಗ್ಗವಾದ ದಿನ ಹೆಚ್ಚು ಕೊಂಡು, ಅರ್ಧಕ್ಕೆ ಉಪ್ಪು, ಅರಿಶಿನ, ಹುಳಿ ಹಚ್ಚಿ ಮರುದಿನಕ್ಕೆ ಇಡುತ್ತಿದ್ದರು. ಬಡವರ ಮನೆಯ ಹೆಂಗಸರು ಇಂಥದ್ದನ್ನೆಲ್ಲ ಮೊದಲಿನಿಂದಲೂ ಮಾಡುತ್ತ ಬಂದಿದ್ದಾರೆ. ಅವರಿಗೆ ಯಾರೂ ಶಹಭಾಸ್ ಎಂದಿಲ್ಲ. ಅದೂ ಒಂದು ತಪ್ಪು.

ಕುಚ್ಚಲಕ್ಕಿ ಮಾತ್ರ ಅಪ್ಪನ ಅವಸರಕ್ಕೆ ಬಗ್ಗುತ್ತಿರಲಿಲ್ಲ. ಅದು ಬೇಯುವಷ್ಟರಲ್ಲಿ ಗ್ಯಾಸ್ ಅರ್ಧ ಮುಗಿಯುತ್ತದೆ ಎಂದು ಗೊಣಗುತ್ತಿದ್ದರು. ಅದಕ್ಕೊಂದು ಉಪಾಯ ತಂದವಳು ನಾನು. ನಮ್ಮ ವಾರ್ಡಿನ ಅಯಲ್‌ಕೂಟದವರಿಗೆ, ಅಂದರೆ ನೆರೆಮನೆಗಳ ಹೆಂಗಸರ ಸ್ವಸಹಾಯ ಗುಂಪಿನವರಿಗೆ, ಪಂಚಾಯತು ಹಾಲಿನಲ್ಲಿ ಇಂಧನ ಉಳಿಸುವ ಅಡುಗೆಯ ತರಗತಿಯಿತ್ತು. ಅಮ್ಮನಿಗೆ ರಜೆ ಇರಲಿಲ್ಲ. ಮನೆಯಿಂದ ಒಬ್ಬರು ಹಾಜರಾಗಲೇಬೇಕು ಎಂದಿದ್ದರಿಂದ ನಾನು ಹೋದೆ. ಕಣ್ಣೂರಿನ ಕಡೆಯಿಂದ ಬಂದ ಕಾರ್ಯಕರ್ತರೊಬ್ಬರು ಥರ್ಮಾಕೋಲ್ ಜೋಡಿಸಿದ ಒಂದು ಪೆಟ್ಟಿ ತೋರಿಸಿದರು. ಅಕ್ಕಿಯನ್ನು ಸ್ವಲ್ಪ ಹೊತ್ತು ಕುದಿಸಿ, ಪಾತ್ರೆಯನ್ನು ಮುಚ್ಚಳ ಸಮೇತ ಅದರೊಳಗಿಟ್ಟರೆ ಉಳಿದದ್ದು ಬೆಂಕಿಯಿಲ್ಲದೆಯೇ ಬೇಯುತ್ತದೆ. ನಾನು ಸಾರ್ವಜನಿಕ ಕೆಲಸಕ್ಕೆ ಬಂದದ್ದರ ಬೇರು ಆ ಮಧ್ಯಾಹ್ನದಲ್ಲಿದೆ. ಆದರೆ ಅವರು ಮಾತಿನುದ್ದಕ್ಕೂ ತಾಯಂದಿರೇ, ಅಕ್ಕಂದಿರೇ ಎಂದೇ ಕರೆಯುತ್ತಿದ್ದರು. ಆ ಪೆಟ್ಟಿ ಯಾರಿಗೆ ಬೇಕಾಗಿತ್ತೋ ಅವರು ಮುಚ್ಚಿದ ಕಿಟಕಿಯ ಹಿಂದಿದ್ದರು. ನಾನು ಕೈ ಎತ್ತಿ ಏನೂ ಹೇಳಲಿಲ್ಲ. ಪಕ್ಕದಲ್ಲಿ ನಮ್ಮ ದಾರಿಯ ಹೆಂಗಸರೇ ಕುಳಿತಿದ್ದರು.

ಅಪ್ಪ ಗಲ್ಫಿನಿಂದ ತಂದ ರಟ್ಟಿನ ಪೆಟ್ಟಿಗೆ ಥರ್ಮಾಕೋಲ್ ತುಂಡುಗಳನ್ನು ಅಂಟಿಸಿದರು, ನಡುವೆ ಹಳೆಯ ಕಂಬಳಿ ಹಾಸಿದರು. ಪೆಟ್ಟಿಯ ಹೊರಮೈಯಲ್ಲಿ ಅವರ ಹೆಸರು, ಊರು, ಮಂಗಳೂರು ವಿಮಾನ ನಿಲ್ದಾಣ ಎಂದು ದಪ್ಪ ಮಾರ್ಕರಿನಲ್ಲಿ ಬರೆದದ್ದು ಹಾಗೆಯೇ ಇತ್ತು. ಅಜ್ಜಿಗೆ ನಂಬಿಕೆ ಬರಲಿಲ್ಲ.

“ಅನ್ನಕ್ಕೂ ಪಾಸ್‌ಪೋರ್ಟ್ ಮಾಡಿಸಿದ್ದೀಯಾ?” ಎಂದು ಕೇಳಿದರು.

ಮಧ್ಯಾಹ್ನ ಪೆಟ್ಟಿ ತೆರೆದಾಗ ಅನ್ನ ಅರಳಿತ್ತು. ಅಜ್ಜಿ ಗಂಜಿಯ ತೆಳಿಯನ್ನು ಎರಡು ಸಲ ಹಾಕಿಸಿಕೊಂಡು ಕುಡಿದರು; ಹೊಗಳಲಿಲ್ಲ.

ಹೀಗೆ ಒಂದು ವರ್ಷ ನಡೆಯಿತು. ಅಮ್ಮನಿಗೆ ಕೆಲಸ ಒಗ್ಗಿತ್ತು, ಅಂಗಡಿಯಲ್ಲಿ ಕೌಂಟರಿನ ಜವಾಬ್ದಾರಿಯನ್ನೇ ಅವರಿಗೆ ಕೊಡುವ ಮಾತಿತ್ತು. ಆ ಮಾತನ್ನು ಮನೆಯಲ್ಲಿ ಹೇಳುವಾಗ ಅವರು ತಲೆ ಎತ್ತಿ ಕೂರುತ್ತಿದ್ದ ರೀತಿಯನ್ನು ನಾನು ಮೊದಲು ನೋಡಿರಲಿಲ್ಲ.

ಆ ನಡುವೆ, ರೂಮಿನಲ್ಲಿ ಅಪ್ಪನ ಜೊತೆಗಿದ್ದ ಶಿರಿಯದ ಬ್ಯಾರಿ ಗೆಳೆಯರೊಬ್ಬರು ರಜೆಯಲ್ಲಿ ಊರಿಗೆ ಬಂದರು. ಅವರಿಗೆ ದೊಡ್ಡಪ್ಪನೂ ಪರಿಚಿತರೇ. ಮೊದಲು ಮೂವರೂ ಒಂದೇ ರೂಮಿನಲ್ಲಿದ್ದವರು. ಭಾನುವಾರ ಊಟಕ್ಕೆ ಕರೆದದ್ದು ಅಜ್ಜಿ. ದೊಡ್ಡಪ್ಪ, ದೊಡ್ಡಮ್ಮನೂ ಬಂದರು. ಅಪ್ಪ ಬೆಳಗ್ಗಿನಿಂದ ಕಿಟಕಿ ಮುಚ್ಚಿಕೊಂಡು ಬಂಗುಡೆ ಮೀನಿನ ಪುಳಿಮುಂಚಿ ಮಾಡಿದರು. ಹುಳಿ, ಖಾರದ ಆ ಸಾರಿಗೆ ತೆಂಗಿನಕಾಯಿ ಬೇಡ, ಹೆಚ್ಚು ಹೊತ್ತೂ ಬೇಡ. ಅತಿಥಿಗಳು ಬರುವಾಗ ಅಪ್ಪ ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕಿ ಜಗಲಿಯಲ್ಲಿದ್ದರು. ಅಮ್ಮ ಸೆರಗು ಸಿಕ್ಕಿಸಿಕೊಂಡು ಒಲೆಯ ಬಳಿ ನಿಂತಿದ್ದರು. ಬೆವರು ಕಾಣಲೆಂದು ಅಮ್ಮ ಹಣೆಗೆ ನೀರು ಸವರಿಕೊಂಡದ್ದನ್ನು ನಾನು ನೋಡಿದೆ. ಆ ದಿನದ ನನ್ನ ನೆನಪಿನಲ್ಲಿ ಅತ್ಯಂತ ನಾಚಿಕೆಗೇಡಿನದು ಆ ನೀರು. ದುಡಿದವರು ದುಡಿದದ್ದನ್ನು ಅಡಗಿಸಬೇಕು, ದುಡಿಯದವರು ದುಡಿದಂತೆ ಕಾಣಿಸಬೇಕು, ಇಬ್ಬರಿಗೂ ಅವಮಾನ.

ಗಂಡಸರು ಊಟಕ್ಕೆ ಕುಳಿತರು. ಹೆಂಗಸರು ಬಡಿಸಿದೆವು. ಶಿರಿಯದವರು ಮೊದಲ ತುತ್ತು ನುಂಗಿ ಅಪ್ಪನ ಕಡೆಗೆ ನೋಡಿದರು.

“ಇದು ನಿನ್ನದೇ ಅಲ್ವ ಮಾರಾಯ?”

ಅಪ್ಪ ತಟ್ಟೆಯಿಂದ ಕಣ್ಣೆತ್ತದೆ, ಅವಳು ಮಾಡಿದ್ದು ಎಂದರು.

“ಸುಳ್ಳು ಹೇಳಬೇಡ. ಬೆಂಕಿ ಆರಿಸಿದ ಮೇಲೆ ಬೆಳ್ಳುಳ್ಳಿ ಜಜ್ಜಿ ಹಾಕಿ ಮುಚ್ಚಿಡುವುದು ನಮ್ಮ ರೂಮಿನ ಲೆಕ್ಕ. ಅಕ್ಕನಿಗೆ ಅದು ಹೇಗೆ ಗೊತ್ತು?” ಅವರು ನಗುತ್ತಿದ್ದರು. ಅವರ ಮಟ್ಟಿಗೆ ಅದು ಪ್ರೀತಿಯ ಕೀಟಲೆ. ಅಮ್ಮನ ಕೈಯಲ್ಲಿದ್ದ ಅನ್ನದ ಕೈಲು ಅರ್ಧದಲ್ಲೇ ನಿಂತಿತ್ತು. ಹೊರಗಿನವರಿಗೆ ಗೊತ್ತಾದ ದಿನ ಎಂದು ದೊಡ್ಡಪ್ಪ ಹೇಳಿದ ದಿನ ಬಂದುಬಿಟ್ಟಿತೆಂದು ನನಗನ್ನಿಸಿತು.

ಶಿರಿಯದವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ದೊಡ್ಡಪ್ಪನತ್ತ ತಿರುಗಿದರು. “ಇವನಿಗೆ ಕಲಿಸಿದ ಗುರುಗಳು ಇಲ್ಲಿಯೇ ಇದ್ದಾರಲ್ಲ. ಶುಕ್ರವಾರ ಅಣ್ಣನ ಪುಳಿಮುಂಚಿ ಅಂದರೆ ಆಚೆ ರೂಮಿನವರು ತಟ್ಟೆ ಹಿಡಿದುಕೊಂಡೇ ಬರ್ತಿದ್ದರು. ಈಗಲೂ ಮಾಡ್ತೀರಾ ಅಣ್ಣ, ಅಲ್ಲ ಮರೆತು ಹೋಯ್ತಾ?”

ದೊಡ್ಡಪ್ಪ ತಟ್ಟೆಯ ಅನ್ನ ಕಲಸತೊಡಗಿದರು. ಮಾತಾಡಿದವರು ಬಾಗಿಲ ಬಳಿ ಕುರ್ಚಿಯಲ್ಲಿದ್ದ ಅಜ್ಜಿ. ಅಲ್ಲಿ ಅಡುಗೆಗೆ ಒಬ್ಬ ಮಲಯಾಳಿ ಇದ್ದಾನೆ ಎಂದು ನೀನು ಫೋನಿನಲ್ಲಿ ಹೇಳುತ್ತಿದ್ದೆಯಲ್ಲ ಎಂದು ಮಗನನ್ನು ಕೇಳಿದರು. ತಪ್ಪು ಹಿಡಿಯುವ ಸ್ವರವಲ್ಲ, ತಿಳಿಯದೇ ಕೇಳಿದ್ದು. ಶಿರಿಯದವರಿಗೆ ಆಗ ಏನೋ ಕೈತಪ್ಪಿತೆಂದು ಹೊಳೆದಿರಬೇಕು. ಅವರು ಬಂಗುಡೆಯ ಮುಳ್ಳು ಬಿಡಿಸುವುದರಲ್ಲಿ ತೊಡಗಿದರು.

ಸಾರಿನ ಪಾತ್ರೆ ಹಿಡಿದು ದೊಡ್ಡಮ್ಮ ನಿಂತಿದ್ದರು. ಹಿಂದಿನ ವರ್ಷ ಅವರಿಗೆ ಗರ್ಭಕೋಶದ ಆಪರೇಷನ್ ಆಗಿತ್ತು. ಮನೆಗೆ ಬಂದ ಮೇಲೆ ಅಡುಗೆಗೆ ಕುಂಬಳೆಯಿಂದ ಅವರ ತಂಗಿ ಬಂದಿದ್ದರು. ತಂಗಿ ತಿರುಗಿ ಹೋದ ಮರುದಿನವೇ ದೊಡ್ಡಮ್ಮ ಹೊಟ್ಟೆಗೆ ಬಟ್ಟೆ ಬಿಗಿದುಕೊಂಡು ಒಲೆಯ ಮುಂದೆ ನಿಂತಿದ್ದರು. ನಾವೆಲ್ಲ ಅದನ್ನು ಕಂಡವರೇ. ಅವರು ಗಂಡನ ತಟ್ಟೆಗೆ ಸಾರು ಬಡಿಸಿದರು. ಬಡಿಸುತ್ತಲೇ ಮೆಲ್ಲಗೆ ಕೇಳಿದರು:

“ನಿಮಗೆ ಗಂಜಿ ಬೇಯಿಸ್ಲಿಕ್ಕೆ ಬರ್ತಿತ್ತಾ?”

ದೊಡ್ಡಪ್ಪ ತಲೆ ತಗ್ಗಿಸಿ, ತಟ್ಟೆಯಲ್ಲಿದ್ದದ್ದನ್ನೆಲ್ಲ ತಿಂದು ಮುಗಿಸಿ ಎದ್ದರು. ಅವರನ್ನು ಕಂಡು ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಎಷ್ಟೋ ಶುಕ್ರವಾರ ಎಷ್ಟೋ ಜನರಿಗೆ ಉಣಬಡಿಸಿದ ಒಬ್ಬ ಮನುಷ್ಯ, ಕಡಲು ದಾಟಿ ಬರುವಾಗ ಆ ಸಾಮರ್ಥ್ಯವನ್ನು ಕಳವಿನ ಮಾಲಿನಂತೆ ಅಡಗಿಸಿ ತಂದಿದ್ದರು.

ಮರುದಿನ ಬೆಳಗ್ಗೆ ಅಮ್ಮ ಸೀರೆ ಉಟ್ಟು, ಚೀಲ ಹಿಡಿದು, ರೈಲಿಗೆ ಹೊರಡದೆ ಒಳಗೇ ಕುಳಿತಿದ್ದರು. ಷರತ್ತು ಷರತ್ತೇ, ದೊಡ್ಡಪ್ಪ ಬಂದು ಏನು ಹೇಳುತ್ತಾರೆಂದು ತಿಳಿಯದೆ ಹೋಗುವುದು ಹೇಗೆ ಎಂಬುದು ಅವರ ಚಿಂತೆ. ರೈಲು ಕೂಗಿ ಹೋದದ್ದು ನಮಗೆ ಕೇಳಿಸಿತು. ಸ್ವಲ್ಪ ಹೊತ್ತಿನಲ್ಲಿ ದೊಡ್ಡಪ್ಪ ಬಂದರು. ಜಗಲಿಯಲ್ಲಿ ಕೂರಲಿಲ್ಲ, ನೇರ ಅಡುಗೆಕೋಣೆಯ ಬಾಗಿಲಿಗೆ ಬಂದು ನಿಂತರು. ಅಪ್ಪ ನಮಗೆ ಬೆನ್ನು ಹಾಕಿ ಹುರುಳಿ ಮಗುಚುತ್ತಿದ್ದರು.

“ಅವಳು ಕೆಲಸಕ್ಕೆ ಹೋಗ್ಲಿ. ಇನ್ನು ನಾನು ಆ ವಿಷಯ ಎತ್ತುವುದಿಲ್ಲ,” ಎಂದರು ದೊಡ್ಡಪ್ಪ. “ನಿನ್ನೆಯ ಮಾತು ಮಾತ್ರ ಈ ಅಂಗಳ ದಾಟುವುದು ಬೇಡ.”

ಅಮ್ಮ ಎದ್ದು ನಿಂತರು. ಭಾವನೆದುರು ಅವರು ಅಷ್ಟು ನೇರವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ನಿಮ್ಮ ವಿಷಯ ನನ್ನ ಬಾಯಿಂದ ಬರುವುದಿಲ್ಲ ಭಾವ. ಆದರೆ ಇನ್ನು ಯಾರು ಕೇಳಿದರೂ ನಮ್ಮಲ್ಲಿ ಅಡುಗೆ ಮಾಡುವುದು ಇವರೇ ಅಂತ ನಾನು ಹೇಳ್ತೇನೆ. ಇವರ ಕೈಯ ಊಟಕ್ಕೆ ನನ್ನ ಹೆಸರು ಹೇಳಿಸಿಕೊಂಡು ನನಗೆ ಸಾಕಾಗಿದೆ.”

ಅದು ನಿಮ್ಮ ಇಷ್ಟ ಎಂದು ದೊಡ್ಡಪ್ಪ ಹೇಳಿದರು. ವಾದಿಸುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಎಲ್ಲ ಮುಗಿಯಿತು, ಒಂದು ತಪ್ಪಾದರೂ ಸರಿಯಾಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಅಪ್ಪನ ಸ್ವರ ಕೇಳಿತು. ಅವರು ತಿರುಗಿರಲಿಲ್ಲ.

“ಬೇಡ. ಹೇಳಬೇಡ.”

“ಯಾಕೆ? ಇನ್ನು ಯಾರ ಹೆದರಿಕೆ ಉಂಟು?” ಅಮ್ಮ ಕೇಳಿದರು.

“ಹೆದರಿಕೆ ಅಲ್ಲ.” ಸೌಟು ಬಾಣಲೆಯ ಅಂಚಿಗೆ ತಾಗಿತು. “ನನಗೆ ನಾಚಿಕೆ ಆಗ್ತದೆ.”

ದೊಡ್ಡಪ್ಪ ಅಂಗಳಕ್ಕಿಳಿದರು. ಅಮ್ಮ ಅಪ್ಪನ ಬೆನ್ನನ್ನೊಮ್ಮೆ ನೋಡಿ ಚೀಲ ಎತ್ತಿಕೊಂಡರು. ಅಧಿಕಾರ ಇರುವವರ ವಿರುದ್ಧ ಹೇಗೆ ಮಾತಾಡಬೇಕೆಂದು ಆಮೇಲೆ ನನಗೆ ಅನೇಕರು ಕಲಿಸಿದ್ದಾರೆ. ಅಧಿಕಾರದವನು ಎದ್ದುಹೋದ ಮೇಲೂ ಉಳಿದವರ ಮೈಯೊಳಗೆ ಕುಳಿತಿರುವ ನಾಚಿಕೆಯೊಡನೆ ಹೇಗೆ ಮಾತಾಡಬೇಕೆಂದು ಯಾವ ಶಿಬಿರದಲ್ಲಿಯೂ ಕಲಿಸಲಿಲ್ಲ. ಅಪ್ಪನದು ತಪ್ಪು ಎಂದು ಬರೆಯಲು ನನ್ನಿಂದಾಗುವುದಿಲ್ಲ. ತಪ್ಪಲ್ಲ ಎಂದೂ ಬರೆಯಲಾರೆ.

ಆ ದಿನ ಅಮ್ಮನೂ ನಾನೂ ಒಟ್ಟಿಗೆ ಹೆದ್ದಾರಿಯವರೆಗೆ ನಡೆದೆವು. ಬಸ್ ಸ್ಟಾಪಿನಲ್ಲಿ ಅಯಲ್‌ಕೂಟದ ಅಧ್ಯಕ್ಷೆಯಿದ್ದರು. ಅಮ್ಮ ಬಸ್ಸಿಗೆ ಕಾಯುವುದನ್ನು ಕಾಣುವುದು ಅವರಿಗೆ ಅಪರೂಪ. ಯೋಗಕ್ಷೇಮ ವಿಚಾರಿಸಿದರು, ಮಂಗಳೂರಿನ ಕೆಲಸ ಹೇಗುಂಟು ಎಂದರು, ಆಮೇಲೆ ಎಲ್ಲರೂ ಕೇಳುವುದನ್ನೇ ಕೇಳಿದರು: ನೀವು ಹೀಗೆ ಹೋಗಿಬಂದರೆ ಮನೆಯಲ್ಲಿ ಅಡುಗೆ ಯಾರು ಮಾಡುವುದು?

ಅಮ್ಮ ನನ್ನ ಕಡೆಗೆ ನೋಡಲಿಲ್ಲ. ದೂರದಲ್ಲಿ ಬರುತ್ತಿದ್ದ ಬಸ್ಸಿಗೆ ಕೈ ಅಡ್ಡ ಹಿಡಿಯುತ್ತ ಹೇಳಿದರು:

“ಅತ್ತೆ ಇದ್ದಾರಲ್ಲ. ಅವರೇ ಎಲ್ಲ ಮಾಡ್ತಾರೆ.”

ಪುಣ್ಯ ಮಾಡಿದ್ದೀರಿ ಎಂದರು ಅಧ್ಯಕ್ಷೆ. ಬಸ್ಸು ನಿಂತಿತು, ಅಮ್ಮ ಹತ್ತಿದರು. ನಾನು ಶಾಲೆಯ ಕಡೆಗೆ ತಿರುಗಿದೆ. ಅಧ್ಯಕ್ಷೆ ನನ್ನ ಜೊತೆಗೇ ನಡೆಯುತ್ತ, ಈ ವಯಸ್ಸಿನಲ್ಲಿಯೂ ನಿನ್ನ ಅಜ್ಜಿಗೆ ಎಷ್ಟು ಚುರುಕು ಎಂದು ಹೊಗಳುತ್ತಲೇ ಇದ್ದರು. ನಾನು ಹೂಂ ಎನ್ನುತ್ತ ನಡೆದೆ.